ರುಮಾಲು ಬಿಚ್ಚುತ್ತಿರುವ ದಾಖಲೆ ಕೋಣೆ

ಯಾವ ತಾಲ್ಲೂಕು ಕಚೇರಿಗೆ ಹೋದರೂ ಜನ ಮುತ್ತಿಕೊಂಡಿರುವುದು ಒಂದು ಕಿಟಕಿಯ ಮುಂದೆ. ಅದು ಪಹಣಿ ಕೊಡುವ ಕಿಟಕಿ. ಸರ್ವೆ ನಂಬರು ಹೇಳಿ ಹಣ ಕೊಟ್ಟರೆ ಒಳಗಿನ ಪ್ರಿಂಟರು ಕಿರ್ರೆಂದು ಸದ್ದು ಮಾಡಿ ಒಂದು ಹಾಳೆಯನ್ನು ಹೊರಕ್ಕೆ ತಳ್ಳುತ್ತದೆ. ಅದೇ ಕಚೇರಿಯ ಹಿಂಭಾಗದಲ್ಲೋ ಮೂಲೆಯಲ್ಲೋ ಇನ್ನೊಂದು ಕೋಣೆ ಇರುತ್ತದೆ. ಅಲ್ಲಿ ಜನ ಕಡಿಮೆ, ಬೆಳಕೂ ಕಡಿಮೆ. ಕಬ್ಬಿಣದ ರ್‍ಯಾಕುಗಳ ಮೇಲೆ ಬಟ್ಟೆಯ ಗಂಟುಗಳು, ಗಂಟಿನ ಮೇಲೆ ಊರಿನ ಹೆಸರು ಬರೆದ ಚೀಟಿ, ಹಳೆಯ ಕಾಗದದ ವಾಸನೆ. ಕಿಟಕಿಯಲ್ಲಿ ಸಿಕ್ಕ ಹಾಳೆಯಲ್ಲಿ ಹೆಸರೋ ವಿಸ್ತೀರ್ಣವೋ ತಪ್ಪಿದ್ದರೆ ರೈತ ಕೊನೆಗೆ ಬಂದು ನಿಲ್ಲಬೇಕಾದದ್ದು ಈ ಕೋಣೆಯ ಬಾಗಿಲಿಗೆ.

ದತ್ತಾಂಶ ಕೇಂದ್ರದ ವಿಸ್ತರಣೆ ಎಂದ ಕೂಡಲೇ ಬೆಂಗಳೂರಿನ ಹೊರವಲಯದ ಗಾಜಿನ ಕಟ್ಟಡ, ಅದರ ಹಿಂದೆ ಸಾಲಾಗಿ ನಿಂತ ಜನರೇಟರುಗಳು ಕಣ್ಣ ಮುಂದೆ ಬರುತ್ತವೆ. ಆದರೆ ಸರ್ಕಾರದ ಮಟ್ಟಿಗೆ ಆ ಕಾಮಗಾರಿಯ ದೊಡ್ಡ ಪಾಲು ನಡೆಯುವುದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳ ಈ ಕತ್ತಲೆ ಕೋಣೆಗಳಲ್ಲಿ. ಕಂದಾಯ ಇಲಾಖೆಯ 'ಭೂ ಸುರಕ್ಷಾ' ಯೋಜನೆ 2024ರಲ್ಲಿ ಪ್ರತಿ ಜಿಲ್ಲೆಯ ಒಂದೊಂದು ತಾಲ್ಲೂಕಿನಲ್ಲಿ ಪ್ರಾಯೋಗಿಕವಾಗಿ ಮೊದಲಾಗಿ, ಆಮೇಲೆ ಉಳಿದ ತಾಲ್ಲೂಕುಗಳಿಗೂ ವಿಸ್ತರಿಸಿತು. ತಹಶೀಲ್ದಾರ್ ಕಚೇರಿ, ಸರ್ವೆ ಕಚೇರಿ, ಉಪನೋಂದಣಿ ಕಚೇರಿಗಳಲ್ಲಿರುವ ಹಳೆಯ ಕಾಗದವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಡುವುದು ಅದರ ಕೆಲಸ. ರಾಜ್ಯದಲ್ಲಿ ಹೀಗೆ ಇಳಿಸಬೇಕಾದ ಪುಟಗಳು ಸುಮಾರು 100 ಕೋಟಿ ಎಂಬುದು ಇಲಾಖೆಯ ಅಂದಾಜು.

ಕಟ್ಟಡದ ಕಾಮಗಾರಿ ಎಷ್ಟು ಮುಗಿಯಿತು ಎಂದು ಕೇಳಿದರೆ ಎಂಜಿನಿಯರು ತಳಪಾಯ, ಗೋಡೆ, ಸೂರು ಎಂದು ಲೆಕ್ಕ ಕೊಡಬಹುದು. ಈ ಕಾಮಗಾರಿಯ ಲೆಕ್ಕ ಅಷ್ಟು ಸುಲಭವಲ್ಲ. ಅದು ತಿಳಿಯಬೇಕಾದರೆ ಆ ಗಂಟುಗಳೊಳಗೆ ಏನಿದೆ, ಅದು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಮೊದಲು ನೋಡಬೇಕು.

ಕಲ್ಲು, ಬಟ್ಟೆ, ಕಾಗದ

ಈ ಸೀಮೆಯಲ್ಲಿ ಜಮೀನಿನ ದಾಖಲೆ ಇಡುವ ಪದ್ಧತಿ ಹೊಸದೇನಲ್ಲ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟ 1902ರಲ್ಲಿ ಪ್ರಕಟವಾಯಿತು. ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಮರುವರ್ಷ ಬಂದ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ ಜಗಳೂರಿನವು ಇವೆ. ಇಂಥ ಶಾಸನಗಳಲ್ಲಿ ರಾಜರ ಬಿರುದಾವಳಿ ಎಷ್ಟೇ ಉದ್ದವಿರಲಿ, ಬಹುಪಾಲಿನ ಕೊನೆಗೆ ಉಳಿಯುವ ವಿಷಯ ಒಂದೇ: ಯಾರು, ಯಾರಿಗೆ, ಎಷ್ಟು ಭೂಮಿ ಕೊಟ್ಟರು, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು. ಅಳತೆಗೆ ಮತ್ತರು, ಕಮ್ಮ ಎಂಬ ಮಾನಗಳು. ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ಎಷ್ಟೋ ಕಡೆ ಹೇಳಿರುತ್ತಾರೆ. ಗಳೆ ಬೇರೆಯಾದರೆ ಮತ್ತರಿನ ಅಗಲವೂ ಬೇರೆಯಾಗುತ್ತಿತ್ತಲ್ಲ! ಕೊನೆಗೆ, ಈ ಭೂಮಿಯನ್ನು ಕಸಿದವನು ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪಕ್ಕೆ ಹೋಗಲಿ ಎಂಬ ಶಾಪ. ಇಂದಿನ ಪಹಣಿಯ ಕೆಳಗೆ ಆ ಶಾಪವೊಂದು ಇಲ್ಲ ಅಷ್ಟೆ. ಹೆಸರು, ವಿಸ್ತೀರ್ಣ, ಹಕ್ಕು ಬಂದ ಬಗೆ ಎಲ್ಲವೂ ಅದೇ ಕ್ರಮದಲ್ಲಿವೆ.

ಕಲ್ಲಿನಲ್ಲಿ ಬರೆಸುವುದು ಅರಸರಿಗೆ, ಸಾಮಂತರಿಗೆ, ದೇವಸ್ಥಾನಗಳಿಗೆ ಮಾತ್ರ ಸಾಧ್ಯವಿದ್ದ ಮಾತು. ದಿನನಿತ್ಯದ ಲೆಕ್ಕಕ್ಕೆ ಕಡತ ಇತ್ತು. ಕಡತ ಎಂದರೆ ಇಂದು ಕಚೇರಿಯ ಫೈಲು ಎಂದೇ ಎಲ್ಲರೂ ತಿಳಿದಿದ್ದಾರೆ. ಮೂಲದಲ್ಲಿ ಅದು ಬಟ್ಟೆ. ಹುಣಿಸೆ ಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು ಒಣಗಿಸಿದರೆ ಅದು ಗಟ್ಟಿಯಾದ ಕಪ್ಪು ಹಲಗೆಯಂತಾಗುತ್ತದೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಿಸಿಟ್ಟು ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದು. ಒರೆಸದೆ ಜೋಪಾನವಾಗಿಟ್ಟರೆ ನೂರಾರು ವರ್ಷ ಉಳಿಯುತ್ತದೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರವಾಗಿವೆ. ಒರೆಸಿ ಬರೆಯಬಲ್ಲ, ಆದರೆ ಬಾಳಿಕೆಯ ಈ ವಸ್ತುವಿಗೆ ಇಂದಿನ ಕಂಪ್ಯೂಟರ್ ಡಿಸ್ಕೇ ಹತ್ತಿರದ ನೆಂಟ. ಬಾಳಿಕೆಯ ವಿಷಯದಲ್ಲಿ ಮಾತ್ರ ಡಿಸ್ಕು ಸೋಲುತ್ತದೆ.

ಕಡತ ಇದ್ದದ್ದು ಶಾನುಭೋಗರ ಮನೆಯಲ್ಲಿ. ಶಾಸನಗಳ ಸೇನಬೋವನೇ ಈ ಶಾನುಭೋಗ. ವಂಶಪಾರಂಪರ್ಯದ ಹುದ್ದೆಯಾದ್ದರಿಂದ ಊರಿನ ಲೆಕ್ಕವೂ ತಂದೆಯಿಂದ ಮಗನಿಗೆ ಆಸ್ತಿಯಂತೆ ಬರುತ್ತಿತ್ತು. ಇದರಲ್ಲಿ ಅನುಕೂಲವೂ ಇತ್ತು, ಅಪಾಯವೂ ಇತ್ತು. ಯಾರ ಹೊಲದ ಬದು ಎಲ್ಲಿ ತಿರುಗುತ್ತದೆ ಎಂಬುದು ಶಾನುಭೋಗರಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು. ಆದರೆ ಅವರ ಮಾತು ಸುಳ್ಳೆಂದು ತೋರಿಸಲು ಊರಿನಲ್ಲಿ ಬೇರೊಂದು ಪ್ರತಿ ಇರಲಿಲ್ಲ. ಕಂದಾಯದ ಲೆಕ್ಕ ಕೈಮೀರಿದರೆ ಏನಾಗುತ್ತದೆ ಎಂಬುದಕ್ಕೂ ಈ ಭಾಗದ ಇತಿಹಾಸದಲ್ಲೇ ನಿದರ್ಶನವಿದೆ. 1830-31ರ ನಗರದ ರೈತ ದಂಗೆಗೆ ಕಂದಾಯ ವಸೂಲಿಯ ದೂರುಗಳೇ ಮುಖ್ಯ ಕಾರಣ. ಹೊನ್ನಾಳಿಯಲ್ಲೂ ಕಾಳಗ ನಡೆಯಿತು. ಅದೇ 1831ರಲ್ಲಿ ಮೈಸೂರಿನ ಆಡಳಿತ ಮುಮ್ಮಡಿ ಕೃಷ್ಣರಾಜ ಒಡೆಯರ ಕೈತಪ್ಪಿ ಬ್ರಿಟಿಷ್ ಕಮಿಷನರುಗಳ ಪಾಲಾಯಿತು.

ಬೌರಿಂಗ್ ಕಮಿಷನರಾಗಿದ್ದ ಕಾಲದಲ್ಲಿ, 1863ರಲ್ಲಿ, ಮುಂಬಯಿ ಪದ್ಧತಿಯ ಕಂದಾಯ ಮೋಜಣಿ ಮೈಸೂರಿಗೆ ಬಂತು. ಸರಪಳಿ ಹಿಡಿದು ಪ್ರತಿ ಹೊಲವನ್ನೂ ಅಳೆದು, ನಂಬರು ಕೊಟ್ಟು, ಮೂಲೆಗೆ ಕಲ್ಲು ನೆಟ್ಟರು. 33 ಅಡಿಯ ಸರಪಳಿ. ಅದರ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಗುಂಟೆಯ ಹದಿನಾರನೆಯ ಒಂದು ಭಾಗ ಒಂದು ಆಣೆ. ರೂಪಾಯಿಯಿಂದ ಆಣೆ ಹೋಗಿ ಅರವತ್ತು ವರ್ಷ ದಾಟಿದರೂ ಜಮೀನಿನ ಅಳತೆಯಲ್ಲಿ ಅದು ಇನ್ನೂ ಬದುಕಿದೆ. ಅಂದು ಹುಟ್ಟಿದ ಟಿಪ್ಪಣಿ, ಆಕಾರಬಂದು, ಗ್ರಾಮ ನಕ್ಷೆಗಳೇ ಇಂದಿಗೂ ಎಲ್ಲ ಜಗಳಗಳ ಕೊನೆಯ ಸಾಕ್ಷಿ. ಅರ್ಜಿ ಹಾಕಿದ ರೈತನ ಮನೆಗೆ ಸರ್ವೆಯವರು ಬಂದಾಗ ಕೈಯಲ್ಲಿ ಹಿಡಿದಿರುವುದು ಆ ಟಿಪ್ಪಣಿಯ ನಕಲನ್ನೇ.

ಕಂದಾಯದ ಭಾಷೆಯೂ ಈ ಪದರಗಳನ್ನು ಉಳಿಸಿಕೊಂಡಿದೆ. ಪಹಣಿ, ಆಕಾರ ಮರಾಠಿಯವು. ತಹಶೀಲು, ಖರಾಬು ಅರಬ್ಬಿ ಮೂಲದವು. ದಫ್ತರ, ರುಮಾಲು ಪಾರ್ಸಿಯಿಂದ ಬಂದವು. ರುಮಾಲು ಎಂದರೆ ಮುಖ ಒರೆಸುವ ಬಟ್ಟೆ. ನಮ್ಮಲ್ಲಿ ಅದು ಹಿರಿಯರ ತಲೆಗೂ ಏರಿತು, ಕಚೇರಿಯ ಕಾಗದದ ಗಂಟಿಗೂ ಸುತ್ತಿಕೊಂಡಿತು. 'ರುಮಾಲು ಬಿಚ್ಚಬೇಕು' ಎಂದು ಗುಮಾಸ್ತರು ಹೇಳಿದರೆ ಹಳೆಯ ದಾಖಲೆ ಹುಡುಕಬೇಕು ಎಂದರ್ಥ.

ಗಂಟಿನಲ್ಲಿ ಏನಿದೆ

1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆ, ಪಟೇಲಿಕೆಗಳು ಹೋದವು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂ ಕಂದಾಯ ಕಾಯಿದೆಯ ನಂತರ ಪಹಣಿ ಇಂದಿನ ರೂಪ ಪಡೆಯಿತು. ಒಂಬತ್ತನೆಯ ಅಂಕಣದಲ್ಲಿ ಮಾಲೀಕನ ಹೆಸರು, ಹತ್ತರಲ್ಲಿ ಅದು ಬಂದ ಬಗೆ, ಹನ್ನೊಂದರಲ್ಲಿ ಸಾಲ ಮತ್ತಿತರ ಋಣಗಳು, ಹನ್ನೆರಡರಲ್ಲಿ ಸಾಗುವಳಿ ಮಾಡುವವನು ಮತ್ತು ಬೆಳೆ. ಇವೆಲ್ಲ ಲೆಕ್ಕಿಗರ ಕೈಬರಹದಲ್ಲಿ ಇರುತ್ತಿದ್ದವು.

ಇವುಗಳ ಜತೆಗೆ ರೈತರ ಬದುಕಿಗೆ ಹತ್ತಿರವಾದ ಇನ್ನೂ ಎರಡು ಬಗೆಯ ಕಡತಗಳು ಈ ಕೋಣೆಗಳಲ್ಲಿವೆ. ಒಂದು, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣೆಯದು. ದೇವರಾಜ ಅರಸು ಅವರ ಸರ್ಕಾರ ತಂದ ಆ ತಿದ್ದುಪಡಿಯಂತೆ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು. ತಾಲ್ಲೂಕಿನ ಭೂ ನ್ಯಾಯಮಂಡಳಿ ಆದೇಶ ಕೊಟ್ಟಿತು. ಉಳುವವನು ಒಡೆಯನಾದದ್ದು ಆ ಒಂದು ಆದೇಶದ ಹಾಳೆಯಿಂದ. ಎರಡನೆಯದು ಬಗರ್ ಹುಕುಂ ಅರ್ಜಿಗಳದು. 1991ರ 50ನೇ ನಮೂನೆ, 1998ರ 53, 2018ರ 57 ಎಂದು ಮೂರು ಕಂತಿನಲ್ಲಿ ಬಂದ ಅರ್ಜಿಗಳು ಇವು. ಅಪ್ಪ 50ರಲ್ಲಿ ಹಾಕಿದ್ದ, ಮಗ 57ರಲ್ಲಿ ಮತ್ತೆ ಹಾಕಿದ ಎನ್ನುವಂಥ ಕುಟುಂಬಗಳಿಗೆ ಆ ಮೊದಲ ಅರ್ಜಿ ಕೋಣೆಯಲ್ಲಿ ಇದೆಯೋ ಇಲ್ಲವೋ ಎಂಬುದು ಸಣ್ಣ ಮಾತಲ್ಲ. ಸಾಗುವಳಿ ಎಷ್ಟು ಹಳೆಯದು ಎಂಬುದಕ್ಕೆ ಅದೇ ಪುರಾವೆ.

ಕಚೇರಿ ಕಾಗದವೆಲ್ಲ ಶಾಶ್ವತವಲ್ಲ. 'ಎ' ವರ್ಗದ್ದು ಎಂದೆಂದಿಗೂ ಇಡಬೇಕಾದದ್ದು, 'ಬಿ' 30 ವರ್ಷ, 'ಸಿ' 10 ವರ್ಷ, ಹೀಗೆ ಇಳಿಯುತ್ತದೆ. ಮೂವತ್ತು ವರ್ಷ ಎಂಬ ಅಂಕಿಗೆ ಕಾನೂನಿನಲ್ಲಿ ಇನ್ನೊಂದು ಮಹತ್ವವೂ ಇದೆ. 1872ರ ಸಾಕ್ಷ್ಯ ಕಾಯಿದೆಯ ಪ್ರಕಾರ 30 ವರ್ಷ ಹಳೆಯ ದಸ್ತಾವೇಜು ಸರಿಯಾದ ವಶದಿಂದ ಬಂದಿದ್ದರೆ ನ್ಯಾಯಾಲಯ ಅದನ್ನು ನಿಜವೆಂದು ಭಾವಿಸಬಹುದು. ಸಹಿ ಹಾಕಿದವರನ್ನು ಕರೆತಂದು ಸಾಬೀತು ಮಾಡಬೇಕಿಲ್ಲ. ಅವರು ಬದುಕಿದ್ದರೆ ತಾನೆ ಕರೆತರುವುದು! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ವವನ್ನು ಉಳಿಸಿಕೊಂಡಿದೆ. 'ಸರಿಯಾದ ವಶ' ಎಂಬ ಮಾತಿನ ತೂಕವೆಲ್ಲ ಬೀಳುವುದು ಆ ಕತ್ತಲೆ ಕೋಣೆಯ ಬೀಗದ ಮೇಲೆ. ಗಂಟಿಗೆ ಯಾರೋ ನಡುವೆ ಒಂದು ಹಾಳೆ ಸೇರಿಸಿದರೆ, ಇದ್ದ ಹಾಳೆ ಕಿತ್ತರೆ, ಆ ನಂಬಿಕೆಯೇ ಮುರಿಯುತ್ತದೆ. ನಕಲಿ ದಾಖಲೆ ಸೃಷ್ಟಿಸಿ ಜಮೀನು ಲಪಟಾಯಿಸುವುದನ್ನು ತಡೆಯುವುದು ಭೂ ಸುರಕ್ಷಾ ಯೋಜನೆಯ ಮುಖ್ಯ ಕಾರಣಗಳಲ್ಲಿ ಒಂದು. ಗೆದ್ದಲು, ಮಳೆ ನೀರಿನ ಸೋರಿಕೆ, ಮುಟ್ಟಿದರೆ ಪುಡಿಯಾಗುವ ಕಾಗದ ಆಮೇಲಿನ ಕಾರಣಗಳು.

'ಭೂಮಿ' ಬಂದ ಬಳಿಕ

ಹಾಗಾದರೆ ಪಹಣಿ ಕಂಪ್ಯೂಟರಿಗೆ ಹೋಗಿ ಇಷ್ಟು ವರ್ಷವಾಯಿತಲ್ಲ, ಮತ್ತೆ ಈ ಕೆಲಸವೇಕೆ ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ.

'ಭೂಮಿ' ಯೋಜನೆ 2001ರ ಹೊತ್ತಿಗೆ ರಾಜ್ಯದ ಎಲ್ಲ 177 ತಾಲ್ಲೂಕುಗಳಲ್ಲೂ ಜಾರಿಯಾಗಿತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಹೊಣೆ ಹೊತ್ತಿದ್ದರು. ರಾಷ್ಟ್ರೀಯ ಮಾಹಿತಿ ಕೇಂದ್ರ ತಂತ್ರಾಂಶ ಬರೆಯಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಒಂದು ಪ್ರತಿಗೆ 15 ರೂಪಾಯಿ. ಸುಮಾರು 9,000 ಗ್ರಾಮ ಲೆಕ್ಕಿಗರ ಚೀಲದಲ್ಲಿದ್ದ ಅಧಿಕಾರ ಒಂದೆರಡು ವರ್ಷದಲ್ಲಿ ಕಿಟಕಿಗೆ ಬಂತು. ಬೇರೆ ದೇಶಗಳಿಂದ ಜನ ಬಂದು ನೋಡಿ ಹೋದರು. ಸಿಬ್ಬಂದಿ ಪಾಸ್‌ವರ್ಡಿನ ಬದಲು ಬೆರಳಚ್ಚು ಒತ್ತಿ ಒಳಹೋಗುವ ವ್ಯವಸ್ಥೆ ಅಂದಿನ ಮಟ್ಟಿಗೆ ದೊಡ್ಡ ಸಂಗತಿ. ತಿದ್ದಿದ್ದು ಯಾರು ಎಂಬುದು ದಾಖಲಾಗುತ್ತಿತ್ತು.

ಆದರೆ ಗಣಕಕ್ಕೆ ಏರಿದ್ದು ಅಂದಿನ ದಿನದ ಪಹಣಿ ಮಾತ್ರ. ಅದರ ಹಿಂದಿನ ನಲವತ್ತು ವರ್ಷದ ಕೈಬರಹದ ಪಹಣಿ, ಮ್ಯುಟೇಷನ್ ವಹಿ, ಮಂಜೂರಾತಿ ಆದೇಶ ಎಲ್ಲ ಗಂಟಿನಲ್ಲೇ ಉಳಿದವು. ಲೆಕ್ಕಿಗರ ಬರಹ ನೋಡಿಕೊಂಡು ಬೆರಳಚ್ಚು ಮಾಡುವಾಗ ತಪ್ಪುಗಳೂ ನುಸುಳಿದವು. ರುದ್ರಪ್ಪ ರುದ್ರಯ್ಯನಾದ, 2 ಎಕರೆ 4 ಗುಂಟೆ 2 ಎಕರೆ 40 ಗುಂಟೆಯಾಯಿತು ಎನ್ನುವಂಥವು. ಎಕರೆಗೆ 40 ಗುಂಟೆ ಎಂದ ಮೇಲೆ 2 ಎಕರೆ 40 ಗುಂಟೆ ಎಂಬುದೇ ಅಸಂಗತ ಎಂದು ಶಾನುಭೋಗರಾಗಿದ್ದರೆ ತಟ್ಟನೆ ಹಿಡಿಯುತ್ತಿದ್ದರು. ಭೂ ಕಂದಾಯ ಕಾಯಿದೆಯ 133ನೇ ಕಲಂ ಪ್ರಕಾರ ಪಹಣಿಯಲ್ಲಿ ಬರೆದದ್ದು, ಅದು ತಪ್ಪೆಂದು ಸಾಬೀತಾಗುವವರೆಗೆ ಸರಿ. ತಪ್ಪೆಂದು ಸಾಬೀತು ಮಾಡುವ ಭಾರ ರೈತನ ಹೆಗಲಿಗೆ. ಅದಕ್ಕೆ ಬೇಕಾದ ಹಾಳೆ ಮಾತ್ರ ಸರ್ಕಾರದ ಕೋಣೆಯಲ್ಲಿ. ಗಣಕ ಮತ್ತು ಕಾಗದದ ನಡುವೆ ವ್ಯಾಜ್ಯ ಬಂದಾಗ ತೀರ್ಪು ಹೇಳಬೇಕಾದದ್ದು ಕಾಗದ. ಕೈಯಲ್ಲಿ ಪುಡಿಯಾಗುತ್ತಿರುವುದೂ ಅದೇ.

ನಾಲ್ಕು ತಾಲ್ಲೂಕು, ಮೂರು ಜಿಲ್ಲೆ

ದಾವಣಗೆರೆ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಡಕಿದೆ. ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ. ಹರಪನಹಳ್ಳಿ ಬಳ್ಳಾರಿಯಿಂದ ಬಂದು, 2018ರಲ್ಲಿ ಬಳ್ಳಾರಿಗೇ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಇನ್ನು ನ್ಯಾಮತಿ, 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಒಂದು. 2018ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟಿತು.

ಗಡಿಯನ್ನು ಒಂದು ಅಧಿಸೂಚನೆಯಿಂದ ಬದಲಿಸಬಹುದು. ಕಾಗದವನ್ನು ಹಾಗೆ ಬದಲಿಸಲಾಗದು. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯ ರೈತನೊಬ್ಬನ ಜಮೀನಿನ ಇತಿಹಾಸ ಹುಡುಕಬೇಕೆಂದರೆ 2018ರವರೆಗಿನ ದಾಖಲೆಗಳು ಹುಟ್ಟಿದ್ದು ಹೊನ್ನಾಳಿಯಲ್ಲಿ. 1997ಕ್ಕೆ ಮೊದಲು ಜಿಲ್ಲಾಧಿಕಾರಿ ಕೊಟ್ಟ ಆದೇಶವಿದ್ದರೆ ಅದು ಹುಟ್ಟಿದ್ದು ಶಿವಮೊಗ್ಗದಲ್ಲಿ. ಜಗಳೂರಿನವನಿಗೆ ಅದೇ ಕೆಲಸಕ್ಕೆ ಚಿತ್ರದುರ್ಗ. ಒಂದು ಜಮೀನಿನ ಹಾಳೆಗಳು ಮೂರು ಊರುಗಳ ಗಂಟಿನಲ್ಲಿ ಹಂಚಿಹೋಗಿರಬಹುದು. ಸ್ಕ್ಯಾನ್ ಮಾಡಿದ ಪುಟಗಳಿಗೆ ಈ ತೊಂದರೆಯಿಲ್ಲ. ಯಾವ ಊರಿನಲ್ಲಿ ಇಳಿಸಿದರೂ ಒಂದೇ ಸರ್ವೆ ನಂಬರಿನಡಿ ಸೇರಿಸಬಹುದು. ಹೊಸ ತಾಲ್ಲೂಕುಗಳ ಮಟ್ಟಿಗೆ ಈ ಯೋಜನೆಯ ನಿಜವಾದ ಉಪಕಾರ ಇದೇ ಎನ್ನಬೇಕು.

ಆದರೆ ಸೇರಿಸುವುದು ತಾನಾಗಿ ಆಗುವುದಿಲ್ಲ. ಗಂಟು ಬಿಚ್ಚಿ, ಧೂಳು ಒರೆಸಿ, ಮಡಿಕೆ ಬಿಡಿಸಿ, ಪುಟ ಸಂಖ್ಯೆ ಹಾಕಿ ಯಂತ್ರದಡಿ ಇಡುವುದು ಸುಲಭದ ಭಾಗ. ಆ ಪುಟ ಯಾವ ಊರಿನದು, ಯಾವ ಸರ್ವೆ ನಂಬರು, ಯಾವ ವರ್ಷ, ಎಂಥ ಕಡತ ಎಂದು ಓದಿ ಸೂಚಿ ಮಾಡಬೇಕು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಾಳೆ ನೋಡಬೇಕು. ಹಿಂದೆ ಈ ಸೂಚಿ ಇದ್ದದ್ದು ರೆಕಾರ್ಡ್ ಕೀಪರರ ತಲೆಯಲ್ಲಿ. ಮೂರನೇ ಸಾಲಿನ ಕೆಳಗಿನ ಅಂಕಣ, ಎಡಗಡೆ ಗಂಟು ಎಂದು ಕೂತಲ್ಲಿಂದಲೇ ಹೇಳುವವರು ಇದ್ದರು. ಅವರು ನಿವೃತ್ತರಾದ ದಿನ ಅರ್ಧ ಕೋಣೆ ಅವರೊಂದಿಗೆ ಹೋದಂತೆ. ಗಂಟಿನಲ್ಲಿ ತಪ್ಪಾಗಿ ಸೇರಿದ ಹಾಳೆ ಎಂದಾದರೊಮ್ಮೆ ಕೈಗೆ ತಗುಲೀತು. 100 ಕೋಟಿ ಪುಟಗಳ ನಡುವೆ ತಪ್ಪು ನಂಬರಿನಡಿ ಸೇರಿದ ಚಿತ್ರ ಇದ್ದೂ ಇಲ್ಲದಂತೆ. ಆದುದರಿಂದ ದಿನಕ್ಕೆ ಎಷ್ಟು ಪುಟ ಇಳಿಯಿತು ಎಂಬ ಅಂಕಿಗಿಂತ ಎಷ್ಟು ಪುಟ ತಾಳೆಯಾಯಿತು ಎಂಬುದೇ ಕಾಮಗಾರಿಯ ನಿಜವಾದ ಅಳತೆ.

ಕಟ್ಟಡದೊಳಗೆ

ಇಳಿಸಿದ ಪುಟಗಳು ಹೋಗಿ ಸೇರುವುದು ಎಲ್ಲಿಗೆ? 'ಭೂಮಿ'ಯ ಆರಂಭದ ದಿನಗಳಲ್ಲಿ ಪ್ರತಿ ತಾಲ್ಲೂಕಿಗೂ ಅದರದೇ ಸರ್ವರ್ ಇತ್ತು. ಆಮೇಲೆ ಎಲ್ಲವನ್ನೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಒಯ್ದು ಜಾಲದ ಮೂಲಕ ತಾಲ್ಲೂಕುಗಳನ್ನು ಜೋಡಿಸಲಾಯಿತು.

ಪುಟವೊಂದರ ಚಿತ್ರಕ್ಕೆ 200 ಕಿಲೋಬೈಟ್ ಎಂದು ಇಟ್ಟುಕೊಂಡರೆ 100 ಕೋಟಿ ಪುಟಕ್ಕೆ 200 ಟೆರಾಬೈಟ್ ಆಗುತ್ತದೆ. ಮೂರು ಪ್ರತಿ ಇಟ್ಟರೆ 600. ಇಂದಿನ ಡಿಸ್ಕುಗಳಲ್ಲಿ ಇಷ್ಟನ್ನು ತುಂಬಲು ಒಂದೆರಡು ಬೀರುವಿನಷ್ಟು ಜಾಗ ಸಾಕು. ನೂರಾರು ಕೋಣೆಗಳ ಗಂಟು ಎರಡು ಬೀರುವಿಗೆ ಇಳಿಯುವುದಾದರೆ ದತ್ತಾಂಶ ಕೇಂದ್ರಗಳು ಏಕೆ ಬೆಳೆಯುತ್ತಲೇ ಇರಬೇಕು? ಜಾಗ ತಿನ್ನುವುದು ಬೀರು ಅಲ್ಲ, ಅದನ್ನು ಸಾಕುವ ಏರ್ಪಾಡು. ಯಂತ್ರ ಓಡಿದಷ್ಟೂ ಬಿಸಿ. ಬಿಸಿಯಾದಷ್ಟೂ ತಂಪು ಬೇಕು. ತಂಪಿಗೆ ಮತ್ತೆ ವಿದ್ಯುತ್ತು. ಅದು ಒಂದು ಕ್ಷಣವೂ ನಿಲ್ಲಬಾರದು. ಆದ್ದರಿಂದ ಎರಡು ಕಡೆಯಿಂದ ಲೈನು, ಲೈನು ಹೋದರೆ ಬ್ಯಾಟರಿ, ಬ್ಯಾಟರಿ ಇಳಿಯುವಷ್ಟರಲ್ಲಿ ಜನರೇಟರು. ಬೆಂಕಿ ಬಿದ್ದರೆ ನೀರು ಹಾಕುವಂತಿಲ್ಲವಾದ್ದರಿಂದ ಅನಿಲದ ಸಿಲಿಂಡರುಗಳು. ವಿಸ್ತರಣೆಯ ಸಮಯದಲ್ಲಿ ಇವನ್ನೆಲ್ಲ ಹೊಸದಾಗಿ ಜೋಡಿಸುವಾಗ ಹಳೆಯ ಕೋಣೆಯ ಯಂತ್ರ ನಿಲ್ಲಬಾರದು. ಹಾಲು ಕರೆಯುತ್ತಲೇ ಕೊಟ್ಟಿಗೆ ಕಟ್ಟಿದ ಹಾಗೆ. ಗೋಡೆ, ಸೂರು ಎದ್ದ ಮೇಲೆ ಈ ಒಳಗಿನ ಕೆಲಸ ಮತ್ತು ಪರೀಕ್ಷೆಗಳಿಗೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಇಷ್ಟೆಲ್ಲ ಆದ ಮೇಲೂ ಡಿಸ್ಕಿನ ಆಯುಸ್ಸು ಸಾಮಾನ್ಯವಾಗಿ ಐದಾರು ವರ್ಷ. ಹಳೆಯದರಿಂದ ಹೊಸದಕ್ಕೆ ನಕಲು ಮಾಡುತ್ತಲೇ ಇರಬೇಕು. ಹುಣಿಸೆ ಸರಿ ಬಳಿದ ಬಟ್ಟೆಗೆ ಈ ಉಪಚಾರ ಬೇಕಿರಲಿಲ್ಲ.

ಎಲ್ಲವೂ ಒಂದೆಡೆ ಇದ್ದರೆ ಏಟೂ ಒಂದೇ ಕಡೆ ಬೀಳುತ್ತದೆ. 2012ರ ಜೂನ್ 21ರಂದು ಮುಂಬಯಿಯ ಮಂತ್ರಾಲಯಕ್ಕೆ ಬೆಂಕಿ ಬಿದ್ದಾಗ ಮಹಾರಾಷ್ಟ್ರ ಸರ್ಕಾರದ ರಾಶಿ ರಾಶಿ ಕಡತಗಳು ಸುಟ್ಟವು. ಕಾಗದವಾದ್ದರಿಂದ ಹೀಗಾಯಿತು, ಗಣಕದಲ್ಲಿದ್ದರೆ ಉಳಿಯುತ್ತಿತ್ತು ಎಂದು ಎಲ್ಲರೂ ಹೇಳಿದರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ದೇಜಾನ್ ನಗರದಲ್ಲಿ ಸರ್ಕಾರಿ ದತ್ತಾಂಶ ಕೇಂದ್ರದ ಬ್ಯಾಟರಿಗೆ ಬೆಂಕಿ ಹತ್ತಿತು. 600ಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ನಿಂತವು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಒಂದು ಭಂಡಾರಕ್ಕೆ ಬೇರೆಡೆ ಪ್ರತಿ ಇರಲೇ ಇಲ್ಲ. 858 ಟೆರಾಬೈಟ್ ಹೋಯಿತು. ತಂತ್ರಜ್ಞಾನದಲ್ಲಿ ಲೋಕಕ್ಕೆ ಮುಂದಿರುವ ದೇಶದ ಕತೆ ಇದು. ನಮ್ಮಲ್ಲಿ 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ 'ಕಾವೇರಿ 2.0' ತಂತ್ರಾಂಶದ ಮೇಲೆ ಸೈಬರ್ ದಾಳಿಯಾಗಿ ರಾಜ್ಯದಾದ್ಯಂತ ನೋಂದಣಿ ಕುಂಟಿತು. ಅಂಕಿ ಅಂಶ ಹೋಗಲಿಲ್ಲ, ದಿನಗಳು ಹೋದವು. ಮದುವೆ ಖರ್ಚಿಗೆಂದು ಸೈಟು ಮಾರಲು ಬಂದವನಿಗೆ ದಿನ ಹೋಗುವುದೂ ನಷ್ಟವೇ. ಹಿಂದೆ 'ಶಾನುಭೋಗರು ಊರಲ್ಲಿಲ್ಲ' ಎಂಬ ಮಾತು ಕೇಳಿ ಹಿಂದಿರುಗುತ್ತಿದ್ದ ಜನ ಈಗ 'ಸರ್ವರ್ ಇಲ್ಲ' ಎಂಬ ಮಾತು ಕೇಳಿ ಹಿಂದಿರುಗುತ್ತಾರೆ.

ಗಂಟಿನಲ್ಲೇ ಇಲ್ಲದವರು

ಇದ್ದ ಕಾಗದ ಉಳಿಸುವ ಮಾತಾಯಿತು. ಕಾಗದವೇ ಇಲ್ಲದವರ ಗತಿ ಬೇರೆ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳು, ಗೊಲ್ಲರ ಹಟ್ಟಿಗಳು, ಕ್ಯಾಂಪುಗಳು ಹರಡಿಕೊಂಡಿವೆ. ದೇಶದ ಬಂಜಾರರೆಲ್ಲ ಪೂಜಿಸುವ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಮೋಜಣಿಯವರು ಸರಪಳಿ ಹಿಡಿದು ಬಂದ ಕಾಲದಲ್ಲಿ ಇಂಥ ವಸತಿಗಳು ಎಷ್ಟೋ ಕಡೆ ಹುಟ್ಟಿರಲಿಲ್ಲ. ಇದ್ದರೂ ಯಾರದೋ ಸರ್ವೆ ನಂಬರಿನಲ್ಲೋ ಸರ್ಕಾರಿ ಗೋಮಾಳದಲ್ಲೋ ಇದ್ದವು. ಹೀಗಾಗಿ ಮನೆ ಇದೆ, ರೇಷನ್ ಕಾರ್ಡು ಇದೆ, ಮತವಿದೆ. ಮನೆಯ ಅಡಿಯ ನೆಲದ ಕಾಗದ ಮಾತ್ರ ಇಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿತೇನೋ. ಬ್ಯಾಂಕಿನ ಸಾಲಕ್ಕೆ, ವಸತಿ ಯೋಜನೆಗೆ, ಅಣ್ಣತಮ್ಮಂದಿರ ಪಾಲಿಗೆ, ಎಲ್ಲಕ್ಕೂ ಇದೇ ಅಡ್ಡಿ.

ಇಂಥ ದಾಖಲೆರಹಿತ ಜನವಸತಿಗಳಲ್ಲಿ ವಾಸಿಸುವವರಿಗೇ ಒಡೆತನ ಕೊಡಲು 2017ರಲ್ಲಿ ಭೂ ಸುಧಾರಣಾ ಕಾಯಿದೆಗೆ ತಿದ್ದುಪಡಿಯಾಯಿತು. ವಸತಿಯನ್ನು ಕಂದಾಯ ಗ್ರಾಮವೆಂದು ಘೋಷಿಸಿ, ಮನೆಗಳನ್ನು ಅಳೆದು, ಹಕ್ಕುಪತ್ರ ಕೊಡುವುದು ಅದರ ಕ್ರಮ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ಹಕ್ಕುಪತ್ರ ಕೈಗೆ ಬಂದರೆ ಮುಗಿಯಲಿಲ್ಲ. ಅದು ನೋಂದಣಿಯಾಗಿ, ಖಾತೆಯಾಗಿ, ಗಣಕದಲ್ಲಿ ಆ ಹೆಸರು ಕಾಣಬೇಕು. ಹಳೆಯ ಗೋಮಾಳದ ಮೂಲ ಕಡತ ಸಿಗದೆ ಅಳತೆಯೇ ನಿಂತರೆ ಅಲ್ಲಿಗೆ ಎಲ್ಲವೂ ನಿಂತಂತೆ. ಕಾಗದವಿಲ್ಲದವರಿಗೂ ಹೀಗೆ ಕೊನೆಗೆ ಬೇಕಾಗುವುದು ಅದೇ ರುಮಾಲು ಗಂಟು.

ಊರೊಟ್ಟಿನ ಆಸ್ತಿಗೂ ಇದೇ ಮಾತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಗಡಿ ಗುರುತಿಸಿ ಒತ್ತುವರಿ ತೆರವು ಮಾಡಬೇಕೆಂದು ಅಲ್ಲಿನ ಜನ ವರ್ಷಗಳ ಕಾಲ ಒತ್ತಾಯಿಸಿದ್ದಾರೆ. ತುಂಗಭದ್ರೆಯ ನೀರು ತಂದು ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಗೂ ಕೆರೆಯ ಅಂಚು ಎಲ್ಲಿಗೆ ಮುಗಿಯುತ್ತದೆ ಎಂಬುದು ಗೊತ್ತಿರಲೇಬೇಕು. ನೀರು ಬಂದ ಮೇಲೆ ಅಂಚಿನ ಹೊಲದವರು ನಮ್ಮದು ಮುಳುಗಿತು ಎಂದರೆ ಬಿಚ್ಚಬೇಕಾದದ್ದು ಗ್ರಾಮ ನಕ್ಷೆಯನ್ನು. ಅಂಥ ನಕ್ಷೆಯ ಮಡಿಕೆ ಹರಿದಿದ್ದರೆ, ಹರಿದ ಗೆರೆಯೇ ಕೆರೆಯ ಗಡಿಯಾಗಿದ್ದರೆ, ಸ್ಕ್ಯಾನರು ಅದನ್ನು ಹೊಲಿದು ಕೊಡಲಾರದು.

ಜಮೀನು ಉಳ್ಳವರು ಈ ಹೊತ್ತಿನಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಸಾಗುವಳಿ ಚೀಟಿ, ನ್ಯಾಯಮಂಡಳಿಯ ಆದೇಶ, ಕಂದಾಯ ಕಟ್ಟಿದ ರಸೀದಿಗಳನ್ನು ಹೊರತೆಗೆದು ಇಂದಿನ ಪಹಣಿಯೊಂದಿಗೆ ಒಮ್ಮೆ ತಾಳೆ ನೋಡುವುದು. ವ್ಯತ್ಯಾಸವಿದ್ದರೆ ಮೂಲ ಕಡತದ ದೃಢೀಕೃತ ನಕಲಿಗೆ ಈಗಲೇ ಅರ್ಜಿ ಹಾಕುವುದು ಮೇಲು. ಸ್ಕ್ಯಾನ್ ಆದ ಕಡತಗಳ ನಕಲು ಆನ್‌ಲೈನಿನಲ್ಲೇ ಸಿಗುವಂತೆ ಮಾಡುವುದು ಯೋಜನೆಯ ಉದ್ದೇಶವಾದ್ದರಿಂದ, ತಮ್ಮ ಸರ್ವೆ ನಂಬರಿನಡಿ ಬಂದಿರುವ ಪುಟಗಳು ತಮ್ಮವೇ ಹೌದೇ ಎಂದು ನೋಡುವ ಹೊಣೆಯೂ ರೈತನ ಮೇಲೆ ಬೀಳುತ್ತದೆ. ಪುಟ ಇಳಿಸಿದ ಮೇಲೆ ಗಂಟನ್ನು ಮತ್ತೆ ಕಟ್ಟಿ ರ್‍ಯಾಕಿಗೇ ಏರಿಸಬೇಕು. 'ಎ' ವರ್ಗದ ಕಾಗದವನ್ನು ಚಿತ್ರ ತೆಗೆದ ಮಾತ್ರಕ್ಕೆ ನಾಶ ಮಾಡುವಂತಿಲ್ಲ. ಆ ಕೋಣೆಯ ಸೂರು ಸೋರದಂತೆ ನೋಡಿಕೊಳ್ಳುವ ಕೆಲಸ ಎಂದಿನಂತೆ ತಾಲ್ಲೂಕು ಕಚೇರಿಯದೇ.